ಎರಡನೆಯ ಗೆಲುವಿನ ಕಷ್ಟ

ಸೋದರಿಯರೇ, ಒಮ್ಮೆ ಗೆದ್ದವರಿಗೆ ಎರಡನೆಯ ಸಲ ಎಲ್ಲವೂ ಸಲೀಸು ಅಂತ ನಾವಂದುಕೊಳ್ಳುತ್ತೇವೆ. ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಅಧ್ಯಕ್ಷೆಯಾಗಿದ್ದ ಎಲೆನ್ ಜಾನ್ಸನ್ ಸರ್ಲೀಫ್ ಅವರ ಬಾಳನ್ನು ನೋಡಿದರೆ ಹಾಗನ್ನಿಸುವುದಿಲ್ಲ.

ಹದಿನೇಳಕ್ಕೇ ಮದುವೆ, ನಾಲ್ವರು ಗಂಡುಮಕ್ಕಳು, ಆಮೇಲೆ ವಿಚ್ಛೇದನ. ಇದರ ನಡುವೆಯೇ ಓದು, ದುಡಿಮೆ, ಸೆರೆವಾಸ. ದೇಶವನ್ನು ಸುಟ್ಟ ಅಂತರ್ಯುದ್ಧ 2003ರಲ್ಲಿ ನಿಂತ ಮೇಲೆ, 2005ರ ಚುನಾವಣೆಯಲ್ಲಿ ಫುಟ್‌ಬಾಲ್ ತಾರೆ ಜಾರ್ಜ್ ವೆಯಾ ಅವರನ್ನು ಸೋಲಿಸಿ, ಆಫ್ರಿಕಾದಲ್ಲೇ ಜನ ಆರಿಸಿದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಸಂತೆಯಲ್ಲಿ ವ್ಯಾಪಾರ ಮಾಡುವ ಹೆಂಗಸರು ಬೆನ್ನಿಗೆ ನಿಂತಿದ್ದರು. ನಮ್ಮ ಭಾರತದ ಮಹಿಳಾ ಪೊಲೀಸರ ತುಕಡಿಯೂ 2007ರಿಂದ 2016ರವರೆಗೆ ವಿಶ್ವಸಂಸ್ಥೆಯ ಪರವಾಗಿ ಅಲ್ಲಿ ಕಾವಲಿತ್ತು.

ಒಂದೇ ಅವಧಿ ಸಾಕು ಅಂದಿದ್ದವರು 2011ರಲ್ಲಿ ಮತ್ತೆ ನಿಂತರು. ಮತದಾನಕ್ಕೆ ನಾಲ್ಕು ದಿನ ಮೊದಲು ನೊಬೆಲ್ ಶಾಂತಿ ಪ್ರಶಸ್ತಿ ಸಾರಿದರು! ಎರಡನೆಯ ಸುತ್ತನ್ನು ಎದುರಾಳಿ ಬಹಿಷ್ಕರಿಸಿದ್ದರಿಂದ ಶೇಕಡಾ 90ರಷ್ಟು ಮತ ಬಂತು. ಆದರೆ ಅರ್ಧಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೇ ಬರಲಿಲ್ಲ.

ಕಷ್ಟ ಶುರುವಾದದ್ದು ಆಮೇಲೆ. ಒಬ್ಬ ಮಗ ಕೇಂದ್ರ ಬ್ಯಾಂಕಿನ ಉಪ ಗವರ್ನರ್, ಇನ್ನೊಬ್ಬ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥ. ಜೊತೆಯಲ್ಲೇ ನೊಬೆಲ್ ಪಡೆದ ಲೇಮಾ ಬೋವೀ ಅವರೇ 2012ರಲ್ಲಿ ಇದನ್ನು ಖಂಡಿಸಿ, ತಮಗೆ ವಹಿಸಿದ್ದ ಸಂಧಾನದ ಹೊಣೆ ಬಿಟ್ಟರು. ಮಕ್ಕಳು ಯೋಗ್ಯರೇ ಇರಬಹುದು. ಆದರೆ ಬಡಿಸುವ ಕೈ ತನ್ನ ಮಕ್ಕಳ ಎಲೆಗೇ ಮೊದಲು ಹೋದರೆ ಪಂಕ್ತಿಯಲ್ಲಿ ಕೂತವರು ಸುಮ್ಮನಿರುತ್ತಾರೆಯೇ?

2014ರಲ್ಲಿ ಎಬೋಲಾ ಬಂತು. ರೋಗಿಯನ್ನು ಮುಟ್ಟುವಂತಿಲ್ಲ, ಸತ್ತವರ ಮೈ ತೊಳೆಯುವಂತಿಲ್ಲ. ಮನೆಯಲ್ಲಿ ಶುಶ್ರೂಷೆ ಮಾಡುವವಳಿಗೆ ಇದೆಂಥ ಸಂಕಟ ನೋಡಿ! ಹೂಳುವ ಪದ್ಧತಿಯ ಜನಕ್ಕೆ ರಾಜಧಾನಿ ಮನ್ರೋವಿಯಾದಲ್ಲಿ ಹೆಣ ಸುಡಬೇಕೆಂಬ ಆಜ್ಞೆಯಾಯಿತು. ಅಲ್ಲಿಯ ವೆಸ್ಟ್ ಪಾಯಿಂಟ್ ಕೊಳೆಗೇರಿಗೆ ಸೈನ್ಯದ ದಿಗ್ಬಂಧನ ಹಾಕಿಸಿದಾಗ ಗಲಭೆಯಾಗಿ, ಗುಂಡೇಟು ತಿಂದ ಹುಡುಗನೊಬ್ಬ ಸತ್ತ. ಹತ್ತು ದಿನಕ್ಕೆ ದಿಗ್ಬಂಧನ ತೆಗೆದರು. ಬಾಗಿಲು ಬಾಗಿಲಲ್ಲಿ ಕೈ ತೊಳೆಯುವ ಕ್ಲೋರಿನ್ ನೀರಿನ ಬಕೆಟ್ ಬಂತು. ರೋಗ ಹತೋಟಿಗೆ ಬರುವಷ್ಟರಲ್ಲಿ 4,800ಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು.

ಅಲ್ಲಿನ ಸಂವಿಧಾನದಂತೆ ಎರಡೇ ಅವಧಿ. ಮೂರನೆಯದಕ್ಕಾಗಿ ಕಾನೂನನ್ನೇ ತಿದ್ದಿದ ಅಧ್ಯಕ್ಷರು ಆಫ್ರಿಕಾದಲ್ಲಿ ಉಂಟು. ಇವರು ಹಾಗೆ ಮಾಡಲಿಲ್ಲ. 2018ರ ಜನವರಿ 22ರಂದು, ಹಿಂದೆ ತಾವು ಸೋಲಿಸಿದ್ದ ಅದೇ ವೆಯಾ ಅವರಿಗೆ ಅಧಿಕಾರ ಒಪ್ಪಿಸಿದರು. ಒಬ್ಬ ಚುನಾಯಿತರಿಂದ ಇನ್ನೊಬ್ಬರಿಗೆ ಶಾಂತಿಯಿಂದ ಅಧಿಕಾರ ದಾಟಿದ್ದು ಆ ದೇಶದಲ್ಲಿ 1944ರ ನಂತರ ಅದೇ ಮೊದಲು.

ಮನೆಯ ಬೀಗದಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಇನ್ನೊಬ್ಬರ ಕೈಗಿಡುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಅವರ ಎರಡು ಗೆಲುವಿಗಿಂತ ಆ ಒಂದು ಒಪ್ಪಿಸುವಿಕೆಯೇ ನನಗೆ ದೊಡ್ಡದೆನಿಸುತ್ತದೆ. ನೀವೇನಂತೀರಿ?