ಟ್ರ್ಯಾಕ್ಟರಿನ ಇಂಜಿನ್ನಿಗೆ ತಕ್ಕ ಕೀಲೆಣ್ಣೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ರಾಗಿಯ ಹೊಲದ ಉಳುಮೆ, ಹಿಪ್ಪುನೇರಳೆ ತೋಟದ ಬೇಸಾಯ, ಗೊಬ್ಬರದ ಸಾಗಣೆ ಮುಂತಾದ ಕೆಲಸಗಳು ಈಗ ಬಹುಮಟ್ಟಿಗೆ ಟ್ರ್ಯಾಕ್ಟರು, ಟಿಲ್ಲರುಗಳಿಂದಲೇ ನಡೆಯುತ್ತವೆ. ಆದರೆ ಅವುಗಳ ಇಂಜಿನ್ನಿಗೆ ಹಾಕುವ ಕೀಲೆಣ್ಣೆಯ, ಅಂದರೆ ಇಂಜಿನ್ ಆಯಿಲಿನ, ವಿಷಯದಲ್ಲಿ ಅಂಗಡಿಯವನು ಕೊಟ್ಟದ್ದನ್ನೇ ತರುವ ವಾಡಿಕೆಯುಂಟು. ಎಣ್ಣೆಯು ಮಂದವಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಹಲವರಲ್ಲಿದೆ. ಇದು ಸರಿಯಲ್ಲ.

ಎತ್ತಿನ ಗಾಡಿಯ ಚಕ್ರವು ನಿಧಾನವಾಗಿ ಉರುಳುವುದರಿಂದ ಅದರ ಅಚ್ಚಿಗೆ ಮಂದವಾದ ಕೀಲೆಣ್ಣೆಯೇ ತಕ್ಕದ್ದು. ಇಂಜಿನ್ನಿನ ದಂಡವಾದರೋ ನಿಮಿಷಕ್ಕೆ ಸುಮಾರು ೨೦೦೦ ಸುತ್ತು ತಿರುಗುತ್ತದೆ. ಅಲ್ಲಿ ಎಣ್ಣೆಯನ್ನು ಪಂಪು ಸಣ್ಣ ರಂಧ್ರಗಳ ಮೂಲಕ ಬೇರಿಂಗುಗಳಿಗೆ ತಳ್ಳಬೇಕು. ಎಣ್ಣೆಯು ಅತಿ ಮಂದವಾಗಿದ್ದರೆ ಮುಂಜಾನೆ ಇಂಜಿನ್ ಹೊರಟೊಡನೆ ಮೇಲಿನ ಭಾಗಗಳನ್ನು ಬೇಗ ಮುಟ್ಟುವುದಿಲ್ಲ. ಅಷ್ಟು ಹೊತ್ತು ಲೋಹವು ಲೋಹವನ್ನು ಉಜ್ಜುತ್ತದೆ. ಅತಿ ತೆಳುವಾಗಿದ್ದರೆ, ಗದ್ದೆ ಕೆಸರು ಮಾಡುವಾಗ ಇಂಜಿನ್ ಕಾದು, ಎಣ್ಣೆಯ ಪೊರೆಯು ಹರಿದುಹೋಗುತ್ತದೆ.

ಡಬ್ಬಿಯ ಮೇಲೆ ೧೫ಡಬ್ಲ್ಯು-೪೦, ೨೦ಡಬ್ಲ್ಯು-೪೦ ಎಂದು ಮುದ್ರಿಸಿರುತ್ತದೆ. ಇದು ಅಮೆರಿಕದ ಮೋಟಾರು ಇಂಜಿನಿಯರುಗಳ ಸಂಘವು ಏರ್ಪಡಿಸಿದ ಕ್ರಮ. ಡಬ್ಲ್ಯು ಅಕ್ಷರದ ಹಿಂದಿನ ಅಂಕಿಯು ಚಳಿಯಲ್ಲಿ ಎಣ್ಣೆಯು ಹೇಗಿರುವುದೆಂಬುದನ್ನೂ, ಕೊನೆಯ ಅಂಕಿಯು ೧೦೦ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಅದರ ಮಂದತನವನ್ನೂ ಸೂಚಿಸುತ್ತವೆ. ಆದಕಾರಣ ಕಾದ ಇಂಜಿನ್ನಿನಲ್ಲಿ ಮೇಲ್ಕಂಡ ಎರಡೂ ಎಣ್ಣೆಗಳು ಒಂದೇ ದರ್ಜೆಯವು. ೨೦ ಎಂದಿರುವುದು ಹೆಚ್ಚು ಬಲವಾದುದೆಂದು ಭಾವಿಸಕೂಡದು. ಚಳಿಯ ಪರೀಕ್ಷೆಯನ್ನು ನೀರು ಹೆಪ್ಪುಗಟ್ಟುವುದಕ್ಕಿಂತ ಬಹಳ ಕೆಳಗಿನ ಶೀತದಲ್ಲಿ ಮಾಡುತ್ತಾರೆ. ಈ ಸೀಮೆಯಲ್ಲಿ ಅಂಥ ಚಳಿ ಬೀಳುವುದಿಲ್ಲವಾದ್ದರಿಂದ ಚಳಿಯ ದೃಷ್ಟಿಯಿಂದ ಎರಡೂ ಸಲ್ಲುತ್ತವೆ. ಇವುಗಳಲ್ಲಿ ಯಾವುದೆಂಬುದನ್ನು ಟ್ರ್ಯಾಕ್ಟರಿನೊಡನೆ ಕೊಟ್ಟ ಪುಸ್ತಕದಿಂದಲೇ ನಿಶ್ಚಯಿಸತಕ್ಕದ್ದು. ಆ ಪುಸ್ತಕವು ಎಷ್ಟೋ ಮನೆಗಳಲ್ಲಿ ಸಾಲದ ಕಾಗದಗಳೊಡನೆ ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತದೆ.

ಅಂಕಿಯಷ್ಟೇ ಸಾಲದು. ಡೀಸೆಲ್ ಇಂಜಿನ್ನಿಗೆ ಡೀಸೆಲ್ ಇಂಜಿನ್ನಿನ ಎಣ್ಣೆಯೇ ಆಗಬೇಕು. ಅದು ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಬೇಗನೆ ಕಪ್ಪಾಗುತ್ತದೆ, ಕಪ್ಪಾದುದರಿಂದಲೇ ಕೆಟ್ಟಿತೆನ್ನಲಾಗದು. ಗೇರುಪೆಟ್ಟಿಗೆಯ ಎಣ್ಣೆಯನ್ನು ಇಂಜಿನ್ನಿಗೆ ಹಾಕಕೂಡದು. ಬಿಡಿಯಾಗಿ ಅಳೆದು ಕೊಡುವ ಎಣ್ಣೆಯನ್ನು ಕೊಳ್ಳದಿರುವುದು ಲೇಸು. ಅಗ್ಗವಾದರೂ ಅದರ ದರ್ಜೆ ಯಾವುದೆಂದು ತಿಳಿಯುವ ಬಗೆಯಿಲ್ಲ.

ಹಳೆಯ ಇಂಜಿನ್ ನೀಲಿ ಹೊಗೆ ಬಿಟ್ಟು ಎಣ್ಣೆ ಕುಡಿಯತೊಡಗಿದರೆ ಕೆಲವರು ಇನ್ನೂ ಮಂದವಾದುದನ್ನು ಸುರಿಯುತ್ತಾರೆ. ಹೊಗೆಯು ಕೆಲವು ದಿನ ತಗ್ಗಬಹುದು. ಸವೆದ ರಿಂಗುಗಳು ಅದರಿಂದ ಸರಿಹೋಗುವುದಿಲ್ಲ. ಅಂಥ ಇಂಜಿನ್ನನ್ನು ಬೇಸಿಗೆಯಲ್ಲಿಯೇ ಬಿಚ್ಚಿಸುವುದು ಮೇಲು. ಮುಂಗಾರಿನ ಹದವು ನಾಲ್ಕಾರು ದಿನ ಮಾತ್ರ ನಿಲ್ಲುವುದು. ಆಗ ಬೇರಿಂಗು ಕಚ್ಚಿಕೊಂಡು ಟ್ರ್ಯಾಕ್ಟರು ನಿಂತರೆ ದುರಸ್ತಿಯ ವೆಚ್ಚದ ಮೇಲೆ ಬಿತ್ತನೆಯ ಕಾಲವೂ ತಪ್ಪುತ್ತದೆ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ.

ಪ್ರತಿದಿನ ಇಂಜಿನ್ ಹೊರಡಿಸುವ ಮುನ್ನ, ಸಮನೆಲದಲ್ಲಿ, ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ನೋಡಬೇಕು. ಎಣ್ಣೆಯು ಎರಡು ಗುರುತುಗಳ ನಡುವೆ ಇರತಕ್ಕದ್ದು. ಡೀಸೆಲ್ ವಾಸನೆ ಬಂದು ಮಟ್ಟವು ಏರಿದ್ದರೆ ಡೀಸೆಲ್ ಸೋರಿ ಬೆರೆತಿದೆಯೆಂದೂ, ಎಣ್ಣೆಯು ಹಾಲಿನಂತೆ ಬಿಳುಪಾಗಿದ್ದರೆ ನೀರು ಸೇರಿದೆಯೆಂದೂ ತಿಳಿದು, ಕೂಡಲೆ ಕೆಲಸ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಬೇಕು. ಬಾಡಿಗೆಗೆ ಹೋಗುವ ಟ್ರ್ಯಾಕ್ಟರುಗಳನ್ನು ಒಬ್ಬೊಬ್ಬ ಚಾಲಕನು ಒಂದೊಂದು ದಿನ ಓಡಿಸುವುದರಿಂದ, ಎಣ್ಣೆಯ ದರ್ಜೆ, ಬದಲಾಯಿಸಿದ ದಿನ ಮತ್ತು ಗಂಟೆಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆಯಿಸಿ ಗಾಡಿಯಲ್ಲಿಯೇ ಇರಿಸುವಂತೆ ಗ್ರಾಮದ ಮುಖಂಡರು ಮಾಲೀಕರಿಗೆ ತಿಳಿಸುವುದು.