ಎರಡನೆಯ ಗರ್ನಾಲು

ಸ್ಪೇನ್ ದೇಶದ ಉತ್ತರ ಕರಾವಳಿಯಲ್ಲಿ, ಫ್ರಾನ್ಸಿನ ಗಡಿಗೆ ಸಮೀಪವಾಗಿ, ಸಾನ್ ಸೆಬಾಸ್ಟಿಯನ್ ಎಂಬ ಊರಿದೆ. ಅಲ್ಲಿಯ ಬಾಸ್ಕ್ ಜನ ತಮ್ಮ ನುಡಿಯಲ್ಲಿ ಅದನ್ನು ದೊನೊಸ್ತಿಯಾ ಎನ್ನುತ್ತಾರೆ. ಆ ಊರಿನ ಹಳೆಯ ಕಾಲ್ಚೆಂಡಿನ ಮೈದಾನದ ಹೆಸರು ಅತೋಚಾ. ಪಕ್ಕದಲ್ಲೇ ಹಣ್ಣು ತರಕಾರಿಗಳ ಮಾರುಕಟ್ಟೆ. ಕೂಗಳತೆಯಲ್ಲಿ ರೈಲು ನಿಲ್ದಾಣ. ಆ ಮೈದಾನಕ್ಕೆ ಒಂದು ವಾಡಿಕೆಯಿತ್ತು. ಗೋಲು ಬಿದ್ದೊಡನೆ ಅಲ್ಲಿಂದ ಗರ್ನಾಲು ಹಾರಿಸುತ್ತಿದ್ದರು. ಎದುರಾಳಿಗಳು ಗೋಲು ಹೊಡೆದರೆ ಒಂದು ಸಲ, ಊರಿನ ತಂಡ ಹೊಡೆದರೆ ಎರಡು ಸಲ. ಕಡಲಿನಲ್ಲಿ ಮೀನು ಹಿಡಿಯುತ್ತಿರುವವರಿಗೂ ಆಟದ ಗತಿ ತಿಳಿಯಲೆಂದು ಈ ಏರ್ಪಾಡು ಎಂದು ಊರವರು ಹೇಳುತ್ತಾರೆ. ಮೊದಲ ಸದ್ದು ಕೇಳಿದಾಗ ಅದು ಶುಭವೋ ಅಶುಭವೋ ತಿಳಿಯುವಂತಿಲ್ಲ. ಒಂದು ಕ್ಷಣ ಇಡೀ ಊರು ಉಸಿರು ಬಿಗಿಹಿಡಿದು ಎರಡನೆಯ ಸದ್ದಿಗಾಗಿ ಕಾಯಬೇಕು.

ನಾನು ಹೇಳಹೊರಟಿರುವುದು ಆ ಊರು ಹೀಗೆ ಕಾದ ಒಂದು ಹಂಗಾಮಿನ ಕಥೆ: 1980ರ ಸೆಪ್ಟೆಂಬರಿನಿಂದ 1981ರ ಏಪ್ರಿಲಿನವರೆಗೆ ನಡೆದ ಸ್ಪೇನಿನ ಪ್ರಥಮ ದರ್ಜೆಯ ಲೀಗ್ ಪಂದ್ಯಾವಳಿ. ಕಾಲ್ಚೆಂಡಿನಲ್ಲಿ ಆಸಕ್ತಿಯಿಲ್ಲದವರು ಇದು ತಮಗೆ ಸಲ್ಲದ ಸಂಗತಿಯೆಂದು ಬದಿಗಿಡಬಾರದೆಂದು ಕೋರುತ್ತೇನೆ. ಒಂದು ದೇಶ ತನ್ನ ಭಯಗಳನ್ನೂ ಭರವಸೆಗಳನ್ನೂ ಆಟದ ಅಂಗಳಕ್ಕೆ ಹೇಗೆ ತರುತ್ತದೆಂಬುದನ್ನು ಆ ಒಂದು ವರ್ಷದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಮೊದಲು ಲೀಗ್ ಎಂದರೇನೆಂದು ನೋಡೋಣ. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎನ್ನುವ ಪಂದ್ಯಾವಳಿ ಒಂದು ಬಗೆ. ಅಲ್ಲಿ ಒಂದು ಕೆಟ್ಟ ಸಂಜೆ ವರ್ಷದ ದುಡಿಮೆಯನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಲೀಗ್ ಹಾಗಲ್ಲ. ಅದು ಗೃಹಸ್ಥನ ಜಮಾಖರ್ಚಿನ ಪುಸ್ತಕದಂತೆ. ಸ್ಪೇನಿನ ಲೀಗ್ 1929ರಲ್ಲಿ ಹತ್ತು ತಂಡಗಳೊಡನೆ ಆರಂಭವಾಯಿತು. 1980ರ ಹೊತ್ತಿಗೆ ತಂಡಗಳು 18 ಆಗಿದ್ದವು. ಪ್ರತಿಯೊಂದು ತಂಡವೂ ಉಳಿದ ಹದಿನೇಳರೊಡನೆ ಎರಡೆರಡು ಸಲ, ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ ಆಡಬೇಕು. ಒಟ್ಟು 34 ಪಂದ್ಯಗಳು. ಆ ಕಾಲದಲ್ಲಿ ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಗೆಲುವಿಗೆ ಮೂರು ಅಂಕ ಕೊಡುವ ಪದ್ಧತಿ ಬಂದದ್ದು 1995ರಲ್ಲಿ. ಇಬ್ಬರ ಅಂಕಗಳು ಕೊನೆಯಲ್ಲಿ ಸಮವಾದರೆ, ಹೆಚ್ಚು ಗೋಲು ಹೊಡೆದವರು ಯಾರೆಂದು ಸ್ಪೇನಿನವರು ಮೊದಲು ಕೇಳುವುದಿಲ್ಲ. ಆ ಇಬ್ಬರೂ ಮುಖಾಮುಖಿಯಾದಾಗ ಮೇಲುಗೈ ಯಾರದಾಗಿತ್ತೆಂದು ಕೇಳುತ್ತಾರೆ. ಈ ನಿಯಮವನ್ನು ದಯಮಾಡಿ ನೆನಪಿಟ್ಟುಕೊಳ್ಳಿ. ನಮ್ಮ ಕಥೆಯ ಗಂಟು ಬಿಚ್ಚುವುದು ಅಲ್ಲಿಯೇ.

ಈ ಕಥೆಯಲ್ಲಿ ಎರಡು ತಂಡಗಳು ಮುಖ್ಯ. ಒಂದು, ರಾಜಧಾನಿಯ ರಿಯಲ್ ಮ್ಯಾಡ್ರಿಡ್. 1980ರ ಹೊತ್ತಿಗೆ ಅದು 20 ಸಲ ಲೀಗ್ ಗೆದ್ದಿತ್ತು. ಇನ್ನೊಂದು, ಸಾನ್ ಸೆಬಾಸ್ಟಿಯನ್ನಿನ ರಿಯಲ್ ಸೊಸಿಯೆದಾದ್. 1909ರಲ್ಲಿ ಹುಟ್ಟಿ, ಮೊದಲ ಹತ್ತು ತಂಡಗಳಲ್ಲಿ ಒಂದಾಗಿದ್ದರೂ ಒಮ್ಮೆಯೂ ಲೀಗ್ ಗೆದ್ದಿರಲಿಲ್ಲ. ಅದರ ಊರು ಎರಡು ಲಕ್ಷಕ್ಕೂ ಕಡಿಮೆ ಜನರ ಊರು. ಹೊರನಾಡಿನ ಪ್ರಸಿದ್ಧರನ್ನು ಹಣ ಕೊಟ್ಟು ತರುವ ರೂಢಿ ಆಗ ಅದಕ್ಕಿರಲಿಲ್ಲ. ಬಾಸ್ಕ್ ನಾಡಿನ ಹುಡುಗರನ್ನೇ ಬೆಳೆಸಿ ಆಡಿಸುವುದು ಅದರ ವ್ರತ. ಗೋಲ್‌ಕೀಪರ್ ಅರ್ಕೊನಾಡಾ, ರಕ್ಷಣೆಯ ಕೊರ್ತಬಾರಿಯಾ, ನಡುಅಂಗಳದ ಸಮೋರಾ, ಮುಂದೆ ಸಾತ್ರುಸ್ತೆಗಿ, ಲೋಪೆಸ್ ಉಫಾರ್ತೆ: ಎಲ್ಲರೂ ಆ ಸೀಮೆಯಲ್ಲಿ ಬೆಳೆದವರೇ. ಪೆರಿಕೊ ಅಲೊನ್ಸೊ ಎಂಬ ಇನ್ನೊಬ್ಬನಿದ್ದ. ಮುಂದೆ 2010ರಲ್ಲಿ ಸ್ಪೇನಿಗಾಗಿ ವಿಶ್ವಕಪ್ ಗೆದ್ದವರಲ್ಲಿ ಒಬ್ಬನಾದ ಚಾಬಿ ಅಲೊನ್ಸೊ ಅವನ ಮಗ. ಇವರಿಗೆಲ್ಲ ಗುರುವಾಗಿದ್ದವನು ಒರ್ಮಾಯೆಚಿಯಾ ಎಂಬ ಮಿತಭಾಷಿ; ಅವನೂ ಅದೇ ತಂಡದ ಹಳೆಯ ಆಟಗಾರ.

ಹಿಂದಿನ ವರ್ಷ ಈ ತಂಡ ನಂಬಲಾಗದ ಸಾಧನೆಯೊಂದನ್ನು ಮಾಡಿತ್ತು. ಮೊದಲ 32 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಮೂವತ್ತಮೂರನೆಯದನ್ನು ಸೆವಿಯ್ಯಾ ನಗರದಲ್ಲಿ 2–1ರಿಂದ ಸೋತಿತು. ಕೊನೆಗೆ ಮ್ಯಾಡ್ರಿಡ್ 53 ಅಂಕ, ಸೊಸಿಯೆದಾದ್ 52. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಮಾತಿಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ? ಇಡೀ ಹಂಗಾಮಿನಲ್ಲಿ ಒಂದೇ ಒಂದು ಸೋಲು. ಆದರೂ ಎರಡನೆಯ ಸ್ಥಾನ. ಊರಿಗೆ ಮೊದಲ ಗರ್ನಾಲು ಕೇಳಿಸಿತ್ತು. ಎರಡನೆಯದು ಸಿಡಿಯಲೇ ಇಲ್ಲ.

ಆ ಊರಿಗೆ ಈ ಆಟ ಬರಿಯ ಆಟವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಬಾಸ್ಕ್ ನುಡಿ ಜಗತ್ತಿನ ಇನ್ನಾವ ನುಡಿಯೊಡನೆಯೂ ನಂಟು ಸಿದ್ಧವಾಗದ ಒಂಟಿ ಭಾಷೆ. ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯಲ್ಲಿ ಅದಕ್ಕೆ ಶಾಲೆಯಲ್ಲಿ, ಕಚೇರಿಯಲ್ಲಿ ಸ್ಥಾನವಿರಲಿಲ್ಲ; ಬಾಸ್ಕರ ಬಾವುಟಕ್ಕೆ ನಿಷೇಧವಿತ್ತು. ಫ್ರಾಂಕೊ 1975ರ ನವೆಂಬರಿನಲ್ಲಿ ತೀರಿಕೊಂಡ. ಮರುವರ್ಷ ಡಿಸೆಂಬರ್ 5ರಂದು, ನಿಷೇಧ ಇನ್ನೂ ಜಾರಿಯಲ್ಲಿರುವಾಗಲೇ, ಅತೋಚಾ ಮೈದಾನಕ್ಕೆ ಎರಡು ಬಾಸ್ಕ್ ತಂಡಗಳು ಇಳಿದವು. ಸೊಸಿಯೆದಾದ್‌ನ ಕೊರ್ತಬಾರಿಯಾ, ಬಿಲ್ಬಾವೊ ತಂಡದ ಇರಿಬಾರ್, ಇಬ್ಬರು ನಾಯಕರೂ ಆ ಬಾವುಟವನ್ನು ಎರಡು ಕಡೆ ಹಿಡಿದು ನಡೆದುಬಂದರು. ಕೆಲವೇ ವಾರಗಳಲ್ಲಿ ನಿಷೇಧ ತೆರವಾಯಿತು. 1979ರಲ್ಲಿ ಆ ನಾಡಿಗೆ ಸ್ವಾಯತ್ತತೆಯೂ ಬಂತು. ಆದರೆ ಶಾಂತಿ ಬರಲಿಲ್ಲ. ಪ್ರತ್ಯೇಕ ರಾಷ್ಟ್ರಕ್ಕಾಗಿ ಶಸ್ತ್ರ ಹಿಡಿದ ಈಟಿಎ ಸಂಘಟನೆಯ ಕೊಲೆಗಳು 1980ರಲ್ಲಿ ತುತ್ತತುದಿಗೇರಿದವು. ಬಾಸ್ಕ್ ಎಂಬ ಹೆಸರು ಬೆಳಗಿನ ಪತ್ರಿಕೆಯಲ್ಲಿ ರಕ್ತದ ಸುದ್ದಿಯೊಡನೆಯೇ ಅಚ್ಚಾಗುತ್ತಿದ್ದ ದಿನಗಳವು. ಅಂಥ ನಾಡಿನ ಹನ್ನೊಂದು ತರುಣರು ಭಾನುವಾರ ಸಂಜೆ ಬೇರೊಂದು ಕಾರಣಕ್ಕೆ ಆ ಹೆಸರನ್ನು ಜನರ ಬಾಯಲ್ಲಿ ತರುತ್ತಿದ್ದರು.

ಹೊಸ ಹಂಗಾಮು ಆರಂಭವಾಯಿತು. ಈ ಸಲ ಸೊಸಿಯೆದಾದ್ ಸೋಲರಿಯದ ತಂಡವಾಗಿರಲಿಲ್ಲ, ಎಡವಿತು, ಎದ್ದಿತು. ಬಹುಕಾಲ ಪಟ್ಟಿಯ ತಲೆಯಲ್ಲಿ ನಿಂತದ್ದು ರಾಜಧಾನಿಯ ಇನ್ನೊಂದು ತಂಡವಾದ ಅತ್ಲೆತಿಕೊ ಮ್ಯಾಡ್ರಿಡ್. ಬಾರ್ಸೆಲೋನಾವೂ ಬೆನ್ನಹಿಂದೆಯೇ ಇತ್ತು.

ಹೀಗಿರುವಾಗ 1981ರ ಫೆಬ್ರವರಿ 23ರ ಸಂಜೆ ಲೆಫ್ಟಿನೆಂಟ್ ಕರ್ನಲ್ ತೆಹೇರೊ ಎಂಬವನು ಸಶಸ್ತ್ರ ಪಡೆಯೊಡನೆ ಮ್ಯಾಡ್ರಿಡ್‌ನ ಸಂಸತ್ ಭವನಕ್ಕೆ ನುಗ್ಗಿದ. ಜನಪ್ರತಿನಿಧಿಗಳು ಇರುಳೆಲ್ಲ ಒತ್ತೆಯಾಳುಗಳಾದರು. ದೇಶ ರೇಡಿಯೋಗೆ ಕಿವಿಯಿಟ್ಟು ಕುಳಿತಿತು. ನಡುರಾತ್ರಿ ಕಳೆದ ಮೇಲೆ ದೊರೆ ಹುವಾನ್ ಕಾರ್ಲೋಸ್ ದೂರದರ್ಶನದಲ್ಲಿ ಸಂವಿಧಾನದ ಪರವಾಗಿ ಮಾತನಾಡಿದ. ಮರುದಿನ ದಂಗೆ ಕುಸಿಯಿತು. ಮುಂದಿನ ಭಾನುವಾರ ಎಂದಿನಂತೆ ಪಂದ್ಯಗಳು ನಡೆದವು. ಬದುಕು ತನ್ನ ಜಾಡಿಗೆ ಮರಳಿತೆಂದು ಜನ ನಿಟ್ಟುಸಿರುಬಿಟ್ಟರು.

ಆ ಭಾನುವಾರ ಮಾರ್ಚ್ 1. ಬಾರ್ಸೆಲೋನಾ ಅಂದು ಎರ್ಕುಲೆಸ್ ತಂಡವನ್ನು 6–0ರಿಂದ ಸೋಲಿಸಿತು. ಆ ತಂಡದ ಗೋಲುಗಾರ ಎನ್ರಿಕೆ ಕಾಸ್ತ್ರೊ; ಜನ ಅವನನ್ನು ಕೀನಿ ಎಂದೇ ಕರೆಯುತ್ತಿದ್ದರು. ಪಂದ್ಯ ಮುಗಿಸಿದ ಕೀನಿ ಹೆಂಡತಿ ಮಕ್ಕಳನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಬೇಕಾಗಿತ್ತು. ದಾರಿಯಲ್ಲೇ ಪಿಸ್ತೂಲು ತೋರಿಸಿ ಅವನನ್ನು ಅಪಹರಿಸಿದರು. ಮೊದಲು ಎಲ್ಲರೂ ಶಂಕಿಸಿದ್ದು ರಾಜಕೀಯವನ್ನು. ನಿಜದಲ್ಲಿ ಅಪಹರಿಸಿದವರು ಕೆಲಸವಿಲ್ಲದೆ ಹಣಕ್ಕೆ ಹಾತೊರೆದ ಮೂವರು ಸಾಮಾನ್ಯರು. ಅವನನ್ನು ಸರಗೋಸಾ ನಗರದ ಒಂದು ನೆಲಮಾಳಿಗೆಯಲ್ಲಿ 25 ದಿನ ಕೂಡಿಹಾಕಿದರು.

ಈಗ ಪ್ರಶ್ನೆ ಎದ್ದಿತು: ಸಂಗಾತಿಯೊಬ್ಬ ಬದುಕಿರುವನೋ ಇಲ್ಲವೋ ತಿಳಿಯದಿರುವಾಗ ಚೆಂಡನ್ನು ಒದೆಯುವುದು ಹೇಗೆ? ಬಾರ್ಸೆಲೋನಾದ ಕೆಲವು ಆಟಗಾರರು ತಾವು ಆಡಲಾರೆವೆಂದರು. ಆದರೆ ಲೀಗಿನ ಗಾಲಿ ನಿಲ್ಲಲಿಲ್ಲ. ತಂಡ ಅಂಗಳಕ್ಕಿಳಿಯಿತು, ಕಾಲುಗಳು ಇಳಿದವು, ಮನಸ್ಸು ಇಳಿಯಲಿಲ್ಲ. ಕೀನಿ ಸೆರೆಯಲ್ಲಿದ್ದಷ್ಟು ದಿನ ಬಾರ್ಸೆಲೋನಾ ಲೀಗಿನ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಪ್ರಶಸ್ತಿಯ ಆಸೆ ಅಲ್ಲಿಗೆ ಮುಗಿಯಿತು.

ಮಾರ್ಚ್ 25ರಂದು ಪೊಲೀಸರು ಕೀನಿಯನ್ನು ಬಿಡಿಸಿ ತಂದರು. ಅದೇ ಸಂಜೆ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಸ್ಪೇನ್ ತಂಡ ಇಂಗ್ಲೆಂಡನ್ನು 2–1ರಿಂದ ಸೋಲಿಸಿತು. ಸ್ಪೇನಿನ ಎರಡೂ ಗೋಲು ಹೊಡೆದವರು ಸೊಸಿಯೆದಾದ್‌ನವರು: ಸಾತ್ರುಸ್ತೆಗಿ ಮತ್ತು ಸಮೋರಾ. ಕೀನಿ ತನ್ನನ್ನು ಸೆರೆಯಿಟ್ಟವರನ್ನು ಕ್ಷಮಿಸಿದ. ನ್ಯಾಯಾಲಯ ಕೊಡಿಸಬಹುದಾಗಿದ್ದ ಪರಿಹಾರವೂ ಬೇಡವೆಂದ. ಒಂದು ತಿಂಗಳು ಕಳೆದುಕೊಂಡರೂ ಆ ಹಂಗಾಮಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಅವನೇ, ಒಟ್ಟು 20.

ಬಾರ್ಸೆಲೋನಾ ಹಿಂದೆ ಬಿತ್ತು; ಅತ್ಲೆತಿಕೊ ಕೊನೆಯ ವಾರಗಳಲ್ಲಿ ಜಾರಿತು. ಉಳಿದದ್ದು ಹಳೆಯ ಜೋಡಿ. ಮ್ಯಾಡ್ರಿಡ್‌ನಲ್ಲಿ ಸೊಸಿಯೆದಾದ್ 1–0ರಿಂದ ಸೋತಿತ್ತು; ಅತೋಚಾದಲ್ಲಿ 3–1ರಿಂದ ಗೆದ್ದಿತ್ತು. ಎರಡನ್ನೂ ಕೂಡಿಸಿದರೆ ಸೊಸಿಯೆದಾದ್‌ಗೆ ಒಂದೇ ಒಂದು ಗೋಲಿನ ಮೇಲುಗೈ. ಕೊನೆಯ ದಿನ ಬಂದಾಗ ಸೊಸಿಯೆದಾದ್ 44 ಅಂಕ, ಮ್ಯಾಡ್ರಿಡ್ 43. ಸೊಸಿಯೆದಾದ್ ಪಂದ್ಯವನ್ನು ಸಮ ಮಾಡಿಕೊಂಡರೂ ಸಾಕು. ಮ್ಯಾಡ್ರಿಡ್ ಗೆದ್ದು ಅಂಕಗಳು ಸಮವಾದಲ್ಲಿ ಮುಖಾಮುಖಿಯ ಲೆಕ್ಕ ಕಾಪಾಡುತ್ತದೆ. ಸೋತರೆ ಮಾತ್ರ, ಹಿಂದಿನ ವರ್ಷದ ಕಥೆಯೇ.

1981ರ ಏಪ್ರಿಲ್ 26. ಸ್ಪೇನಿನಲ್ಲಿ ಭಾನುವಾರದ ಸಂಜೆ ಕಿವಿಯ ಸಂಜೆ. ಎಲ್ಲ ಮೈದಾನಗಳ ವರದಿಗಾರರನ್ನು ಒಂದೇ ಎಳೆಯಲ್ಲಿ ಪೋಣಿಸಿ ಪ್ರಸಾರ ಮಾಡುವ ರೇಡಿಯೋ ಕಾರ್ಯಕ್ರಮ 1950ರ ದಶಕದಿಂದ ಅಲ್ಲಿ ಮನೆಮಾತಾಗಿತ್ತು. ಪಂದ್ಯಗಳ ಫಲಿತಾಂಶವನ್ನು ಊಹಿಸಿ ಬರೆಯುವ ‘ಕಿನಿಯೆಲಾ’ ಎಂಬ ಸರ್ಕಾರಿ ಪಂಥದ ಚೀಟಿ 1946ರಿಂದ ಪ್ರತಿ ಮನೆಯಲ್ಲೂ ಇತ್ತು. ಒಂದು ಕೈಯಲ್ಲಿ ಚೀಟಿ, ಕಿವಿಯ ಬಳಿ ಟ್ರಾನ್ಸಿಸ್ಟರ್; ಮೈದಾನದಲ್ಲಿ ಕುಳಿತವನೂ ಕಣ್ಣಿನಿಂದ ಒಂದು ಪಂದ್ಯ, ಕಿವಿಯಿಂದ ಇನ್ನೊಂದು ಪಂದ್ಯ ನೋಡುತ್ತಿದ್ದ. ಅಂದು ದೇಶದ ಕಿವಿ ಎರಡು ಊರುಗಳ ಮೇಲಿತ್ತು. ವಯ್ಯಾದೋಲಿದ್‌ನಲ್ಲಿ ಮ್ಯಾಡ್ರಿಡ್, ಹಿಹೋನ್ ನಗರದ ಮೊಲಿನೋನ್ ಮೈದಾನದಲ್ಲಿ, ಸ್ಪೋರ್ಟಿಂಗ್ ತಂಡದೆದುರು ಸೊಸಿಯೆದಾದ್. ಸಾನ್ ಸೆಬಾಸ್ಟಿಯನ್ನಿನಿಂದ ಸಾವಿರಾರು ಮಂದಿ ಕಡಲ ದಂಡೆಗುಂಟ ಅಲ್ಲಿಗೆ ಹೋಗಿದ್ದರು.

ಮಳೆ ಸುರಿದು ಅಂಗಳ ಕೆಸರಾಗಿತ್ತು. ಆರಂಭದಲ್ಲೇ ಕೊರ್ತಬಾರಿಯಾ ಪೆನಾಲ್ಟಿಯಿಂದ ಗೋಲು ಹೊಡೆದ. ನಾಲ್ಕು ವರ್ಷಗಳ ಹಿಂದೆ ಬಾವುಟ ಹಿಡಿದಿದ್ದವನೇ ಅವನು. ಆದರೆ ಸ್ಪೋರ್ಟಿಂಗ್ ತಂಡದ ಮೇಸಾ ಒಂದಲ್ಲ, ಎರಡು ಗೋಲು ಹೊಡೆದ. 2–1. ಅತ್ತ ಮ್ಯಾಡ್ರಿಡ್ 3–1ರಿಂದ ಗೆಲ್ಲುತ್ತಿತ್ತು. ನಿಮಿಷಗಳು ಸರಿದವು. ವಯ್ಯಾದೋಲಿದ್‌ನಲ್ಲಿ ಪಂದ್ಯ ಮುಗಿದೇ ಹೋಯಿತು. ಮ್ಯಾಡ್ರಿಡ್‌ನವರು ತಾವೇ ಚಾಂಪಿಯನ್ನರೆಂದು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಹಿಹೋನ್‌ನಲ್ಲಿ ಇನ್ನೂ ಕೆಲವು ಕ್ಷಣಗಳಷ್ಟೇ ಉಳಿದಿದ್ದವು. ಗೋಲಿನ ಮುಂದಿನ ಗೊಂದಲದಲ್ಲಿ ಚೆಂಡು ಸಮೋರಾನ ಕಾಲಿಗೆ ಬಂತು. ಅವನು ಒದೆದ. ಚೆಂಡು ಬಲೆ ಸೇರಿತು. 2–2.

ಎರಡು ತಂಡಗಳಿಗೂ 45 ಅಂಕ. ಹಂಗಾಮಿನಲ್ಲಿ ಹೆಚ್ಚು ಗೋಲು ಹೊಡೆದದ್ದು ಮ್ಯಾಡ್ರಿಡ್, ಪ್ರಶಸ್ತಿ ಸೊಸಿಯೆದಾದ್‌ಗೆ. ವಯ್ಯಾದೋಲಿದ್‌ನಲ್ಲಿ ಅಪ್ಪಿಕೊಂಡಿದ್ದ ತೋಳುಗಳು ಸಡಿಲವಾದವು. ಸೋತವರ ಆ ಕೆಲವು ನಿಮಿಷಗಳ ಸಂತೋಷವನ್ನು ನೆನೆದರೆ ಯಾರಿಗಾದರೂ ಮನಸ್ಸು ಕರಗದಿರದು. ಹಿಂದಿನ ವರ್ಷ ಸಾನ್ ಸೆಬಾಸ್ಟಿಯನ್ ಉಂಡ ಕಹಿ ಈ ವರ್ಷ ಅವರ ಪಾಲಿಗೆ ಬಂತು.

ಅಂದಿನಿಂದ ಎಲ್ಲರೂ ‘ಸಮೋರಾನ ಗೋಲು’ ಎನ್ನುತ್ತಾರೆ. ಒಂದು ಒದೆತ ಒಂದು ಊರಿನ ಹಣೆಬರಹ ಬದಲಾಯಿಸಿತೆಂಬ ಕಥೆ ಕೇಳಲು ಸೊಗಸು. ಆದರೆ ಅದು ಅರ್ಧ ಸತ್ಯ. ಅತೋಚಾದಲ್ಲಿ ಮ್ಯಾಡ್ರಿಡ್ ವಿರುದ್ಧ ಹೊಡೆದ ಮೂರನೆಯ ಗೋಲು ಇಲ್ಲದಿದ್ದರೆ ಸಮೋರಾನ ಗೋಲಿಗೆ ಈ ಬೆಲೆ ಬರುತ್ತಿತ್ತೇ? ಯಾವುದೋ ತಿಂಗಳಿನಲ್ಲಿ, ಯಾರೂ ನೆನಪಿಡದ ಪಂದ್ಯದಲ್ಲಿ, ಸೋಲುವುದನ್ನು ತಪ್ಪಿಸಿ ಗಳಿಸಿದ ಒಂದು ಅಂಕ ಇಲ್ಲದಿದ್ದರೆ? ಜಮಾಖರ್ಚಿನ ಪುಸ್ತಕದಲ್ಲಿ ಕೊನೆಯ ಸಾಲನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಮೊತ್ತ ಮಾತ್ರ ಎಲ್ಲ ಸಾಲುಗಳದು. ಸೋಲದ ವರ್ಷ ಕೊಡದುದನ್ನು ಸೋತು ಎದ್ದ ವರ್ಷ ಕೊಟ್ಟಿತು.

ಮರುವರ್ಷವೂ ಸೊಸಿಯೆದಾದ್ ಲೀಗ್ ಗೆದ್ದಿತು. ಕೀನಿ 2018ರಲ್ಲಿ ತೀರಿಕೊಂಡ. ಅವನು ಹೆಸರು ಪಡೆದದ್ದು ಹಿಹೋನ್‌ನ ಸ್ಪೋರ್ಟಿಂಗ್ ತಂಡದಲ್ಲಿ. ಆದ್ದರಿಂದ ಸಮೋರಾ ಗೋಲು ಹೊಡೆದ ಅದೇ ಮೈದಾನ ಇಂದು ಕೀನಿಯ ಹೆಸರನ್ನೂ ಹೊತ್ತಿದೆ. ಸೊಸಿಯೆದಾದ್ 1993ರಲ್ಲಿ ಹೊಸ ಮೈದಾನಕ್ಕೆ ಹೋಯಿತು. ಹಳೆಯ ಅತೋಚಾ ಈಗಿಲ್ಲ. ಆದರೆ 1981ರ ಆ ಸಂಜೆ ಆಟ ನಡೆದದ್ದು ಅತೋಚಾದಲ್ಲಲ್ಲ, ನೂರಾರು ಕಿಲೋಮೀಟರು ದೂರದ ಊರಿನಲ್ಲಿ. ಅಲ್ಲಿಯ ಸದ್ದು ಈ ಊರಿಗೆ ಕೇಳುವಂತಿರಲಿಲ್ಲ. ರೇಡಿಯೋ ಒಂದು ಗೋಲನ್ನು ಕೂಗಿ ಹೇಳಿತು. ಎರಡು ವರ್ಷ ಕಾದಿದ್ದ ಊರು ಅದನ್ನೇ ತನ್ನ ಎರಡನೆಯ ಗರ್ನಾಲೆಂದು ಕೇಳಿಸಿಕೊಂಡಿತು.