ಸ್ನ್ಯಾಪ್‌ಶಾಟ್ ಎಂಬ ಸುಳ್ಳು ಧೈರ್ಯ

"ದಿನಾ ರಾತ್ರಿ ಸ್ನ್ಯಾಪ್‌ಶಾಟ್ ತಗೀತೇನ್ರಿ ಸರ. ಮತ್ತ ಬ್ಯಾಕಪ್ ಅಂತ ಬ್ಯಾರೆ ಡಿಸ್ಕಿಗೆ ರೊಕ್ಕ ಯಾಕ ಹಾಕಬೇಕ್ರಿ?"

ಬನಹಟ್ಟಿಯ ಓದುಗರೊಬ್ಬರ ಪ್ರಶ್ನೆ ಇದು. ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಎರಡು ಸರ್ವರ್, ಅವುಗಳ ಮೇಲೆ ಏಳೆಂಟು ವಿ.ಎಂ.ಗಳು: ಒಂದರಲ್ಲಿ ಕಬ್ಬಿನ ತೂಕ, ಇನ್ನೊಂದರಲ್ಲಿ ರೈತರ ಬಿಲ್ಲು, ಮತ್ತೊಂದರಲ್ಲಿ ಹಾಜರಿ, ಹೀಗೆ. ಎಲ್ಲವೂ ವಿಎಂವೇರ್‌ನ ಹಳೆಯ ಆವೃತ್ತಿಯ ಮೇಲೆ. ಮುಂದಿನ ಹಂಗಾಮಿನೊಳಗೆ ಹೊಸದಕ್ಕೆ ಹೋಗಬೇಕು, ಹೇಗೆ ಎಂಬುದು ಪತ್ರದ ಉಳಿದ ಭಾಗ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲ ಸಾಲಿಗೇ ನನ್ನ ಎದೆ ಧಸಕ್ಕೆಂದಿತು.

ವಿ.ಎಂ. ಎಂದರೇನು ಎಂದು ಉದ್ದಕ್ಕೆ ಬರೆಯುವುದಿಲ್ಲ. ಒಂದೇ ಯಂತ್ರ ಹತ್ತು ಯಂತ್ರಗಳ ವೇಷ ಹಾಕುವ ವಿದ್ಯೆ. ಐಬಿಎಂನವರು ಇದನ್ನು 1960ರ ದಶಕದಲ್ಲೇ ಸಾಧಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಹೊರತಂದರು. ಸಾಮಾನ್ಯ ಇಂಟೆಲ್ ಪೆಟ್ಟಿಗೆಗಳಿಗೆ ಅದನ್ನು ಇಳಿಸಿ ಜನಪ್ರಿಯಗೊಳಿಸಿದ್ದು 1998ರಲ್ಲಿ ಶುರುವಾದ ವಿಎಂವೇರ್. ಈಗ ಹೊಸ ಕೆಲಸಕ್ಕೊಂದು ಸರ್ವರ್ ಬೇಕೆಂದರೆ ಪೆಟ್ಟಿಗೆ ತರಿಸಬೇಕಿಲ್ಲ. ಇರುವ ಯಂತ್ರದ ಡಿಸ್ಕಿನಲ್ಲಿ ಇನ್ನೊಂದು ದೊಡ್ಡ ಫೈಲು ಮಾಡಿದರಾಯಿತು. ಆ ಫೈಲೇ ಹೊಸ ಸರ್ವರಿನ ಹಾರ್ಡ್‌ಡಿಸ್ಕ್.

ಸ್ನ್ಯಾಪ್‌ಶಾಟ್ ಎಂದರೆ ವಿ.ಎಂ. ಮುಂದೆ ಆ ಕ್ಷಣದ ಸ್ಥಿತಿಗೆ ಮರಳಲು ಇಡುವ ಗುರುತು. ಅದನ್ನು ತೆಗೆದಾಗ ಈ ಫೈಲಿನ ನಕಲು ಆಗುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ಆಗುವುದೇ ಇಲ್ಲ! ಇನ್ನೂರು ಜಿಬಿಯ ವಿ.ಎಂ.ಗೆ ಸ್ನ್ಯಾಪ್‌ಶಾಟ್ ಕ್ಷಣದಲ್ಲಿ ಮುಗಿಯುತ್ತದಲ್ಲ, ಇನ್ನೂರು ಜಿಬಿ ಅಷ್ಟು ಬೇಗ ನಕಲಾಗುವುದುಂಟೇ? ವಿಎಂವೇರ್ ಮಾಡುವುದು ಇಷ್ಟೇ: ಮೂಲ ಫೈಲಿಗೆ ಇನ್ನು ಯಾರೂ ಬರೆಯಬಾರದು ಎಂದು ಬೀಗ ಹಾಕುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಖಾಲಿ ಫೈಲು ತೆರೆದು, ಅಲ್ಲಿಂದ ಮುಂದಿನ ಬರವಣಿಗೆಯನ್ನೆಲ್ಲ ಅದಕ್ಕೆ ತಿರುಗಿಸುತ್ತದೆ. ಓದುವಾಗ ಮೊದಲು ಸಣ್ಣ ಫೈಲನ್ನು ನೋಡುತ್ತದೆ, ಅಲ್ಲಿಲ್ಲದಿದ್ದರೆ ಮೂಲಕ್ಕೆ ಹೋಗುತ್ತದೆ. ಮೂಲ ಫೈಲಿರುವ ಡಿಸ್ಕ್ ಕೆಟ್ಟರೆ ಸಣ್ಣ ಫೈಲು ಕಾಸಿಗೂ ಬಾರದು. ನಮ್ಮ ಓದುಗರು ದಿನಕ್ಕೊಂದರಂತೆ ತೆಗೆಯುತ್ತಿದ್ದಾರೆ. ಹಳೆಯದನ್ನು ಅಳಿಸದಿದ್ದರೆ ಸಣ್ಣ ಫೈಲಿನ ಮೇಲೊಂದು ಸಣ್ಣ ಫೈಲು ಏರಿ ಸರಪಳಿಯಾಗುತ್ತದೆ. ನಡುವಿನ ಒಂದು ಕೊಂಡಿ ಕೆಟ್ಟರೆ ಅದರ ಮೇಲಿನದ್ದೆಲ್ಲ ಹೋಯಿತು.

ಇನ್ನೊಂದು ಅಪಾಯ ಮೆಲ್ಲಗೆ ಬರುತ್ತದೆ. ಹಂಗಾಮಿನಲ್ಲಿ ತೂಕದ ಕಾಟಾ ಹಗಲು ರಾತ್ರಿ ಓಡುತ್ತದೆ. ಪ್ರತಿ ಟ್ರ್ಯಾಕ್ಟರಿಗೆ ತುಂಬಿದ ತೂಕ, ಖಾಲಿ ತೂಕ ಬರೆಯಲೇಬೇಕು. ಆ ಸಣ್ಣ ಫೈಲು ಉಬ್ಬುತ್ತಾ ಮೂಲ ಫೈಲಿನಷ್ಟೇ ದೊಡ್ಡದಾಗಬಹುದು. ಡಿಸ್ಕ್ ತುಂಬಿದರೆ ಆ ವಿ.ಎಂ. ಒಂದೇ ಅಲ್ಲ, ಅದೇ ಡಿಸ್ಕಿನಲ್ಲಿ ಜಾಗ ಬೇಡುವ ನೆರೆಹೊರೆಯವೂ ನಿಲ್ಲುತ್ತವೆ. ಗಾಬರಿಯಾಗಿ ಆಗ ಸ್ನ್ಯಾಪ್‌ಶಾಟ್ ಅಳಿಸಹೊರಟರೆ, ಉಬ್ಬಿದ್ದನ್ನೆಲ್ಲ ಮೂಲಕ್ಕೆ ಬೆರೆಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಕಂಪನಿಯೇ ಹೇಳಿದೆ: ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ, ಸರಪಳಿ 32ರವರೆಗೆ ಬೆಳೆಯಬಹುದಾದರೂ ಎರಡು ಮೂರಕ್ಕೆ ನಿಲ್ಲಿಸಿ.

ಹಿಂದಕ್ಕೆ ಹೋಗುವುದೂ ಪುಕ್ಕಟೆಯಲ್ಲ. ಸೋಮವಾರದ ಸ್ನ್ಯಾಪ್‌ಶಾಟಿಗೆ ಬುಧವಾರ ಮರಳಿದಿರಿ ಎನ್ನಿ. ನಡುವೆ ತೂಗಿದ ಕಬ್ಬೆಲ್ಲ ದಾಖಲೆಯಿಂದ ಮಾಯ. ಕಬ್ಬು ಆಗಲೇ ರಸವಾಗಿದೆ, ರೈತನ ಅಂಗಿ ಜೇಬಿನಲ್ಲಿ ಕಾಟಾ ಚೀಟಿ ಇದೆ, ಕಂಪ್ಯೂಟರ್ ಮಾತ್ರ "ಈ ನಂಬರಿನ ಚೀಟಿ ಇಲ್ಲ" ಎನ್ನುತ್ತದೆ. ಆ ಕೌಂಟರಿನ ಹಿಂದೆ ಕೂತವನ ಪಾಡು ಯಾರಿಗೂ ಬೇಡ.

ಹಾಗಾದರೆ ಸ್ನ್ಯಾಪ್‌ಶಾಟ್ ಬೇಡವೇ? ಬೇಕು. ಅಪ್‌ಗ್ರೇಡಿಗೆ ತುಸು ಮುಂಚೆ, ಕಾಟಾ ನಿಂತಿರುವಾಗ ತೆಗೆದು, ಎಲ್ಲ ಸರಿ ಎನಿಸಿದ ಕೂಡಲೇ ಅಳಿಸಲು. ಅಷ್ಟೇ ಅದರ ಕೆಲಸ.

ಈಗ ಅಪ್‌ಗ್ರೇಡ್. ಹಂಗಾಮು ಮುಗಿದ ಮೇಲೆ ಮಿಲ್ಲಿನ ರೋಲರ್ ಬಿಚ್ಚದೆ, ಬಾಯ್ಲರ್ ತಿಕ್ಕದೆ ಯಾವ ಕಾರ್ಖಾನೆಯೂ ಮುಂದಿನ ವರ್ಷಕ್ಕೆ ಹೊರಡುವುದಿಲ್ಲ. ಅದೇ ಆವರಣದ ಸರ್ವರ್ ಕೋಣೆಯಲ್ಲಿ ಮಾತ್ರ "ನಾಕು ವರ್ಷದಿಂದ ಒಮ್ಮೆನೂ ಬಂದ್ ಮಾಡಿಲ್ರಿ" ಎಂದು ಹೆಮ್ಮೆಯಿಂದ ಹೇಳುವವರನ್ನು ಕಂಡಿದ್ದೇನೆ. ನಾಲ್ಕು ವರ್ಷ ಬಂದ್ ಮಾಡದ ಹೋಸ್ಟ್ (ವಿ.ಎಂ.ಗಳನ್ನು ಹೊತ್ತ ಸರ್ವರ್) ಎಂದರೆ ನಾಲ್ಕು ವರ್ಷ ಭದ್ರತಾ ತಿದ್ದುಪಡಿ ಕಾಣದ ಹೋಸ್ಟ್. ಖಂಡೇಪೂಜೆಗೆ ಇದೇ ಯಂತ್ರಕ್ಕೆ ಕುಂಕುಮ ಎರಚಿ, ಫ್ಯಾನಿನ ಮುಂದೆ ಊದಿನಕಡ್ಡಿ ಸಿಕ್ಕಿಸುತ್ತಾರೆ. ಫ್ಯಾನು ಅದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ ಸ್ವಾಮಿ! ಪೂಜೆ ಬಾಗಿಲಿಗೆ ಮಾಡಿ. ರಾಹುಕಾಲ ನೋಡಿ ಅಪ್‌ಗ್ರೇಡಿಗೆ ಕೂರುವವರು ಬೇಕಾದಷ್ಟು ಸಿಗುತ್ತಾರೆ. ಹೊಸ ಆವೃತ್ತಿ ಡಿಸ್ಕುಗಳನ್ನು ನೋಡಿಕೊಳ್ಳುವ ನಮ್ಮ ರೇಡ್ ಕಾರ್ಡನ್ನು ಗುರುತಿಸುತ್ತದೆಯೇ ಎಂದು ಕಂಪನಿಯ ಪಟ್ಟಿ ನೋಡುವವರು ಕಡಿಮೆ. ವಿಎಂವೇರ್‌ನ ಹೋಸ್ಟ್ ತಂತ್ರಾಂಶವಾಗಿ 2020ರಲ್ಲಿ ಬಂದ ಇಎಸ್‌ಎಕ್ಸ್‌ಐ 7 ಹಳೆಯ ಬಗೆಯ ಡ್ರೈವರುಗಳನ್ನು ಸಾರಾಸಗಟಾಗಿ ಕೈಬಿಟ್ಟಿತು. ಪಟ್ಟಿ ನೋಡದೆ ಏರಿಸಿದರೆ ಸರ್ವರಿಗೆ ತನ್ನ ಡಿಸ್ಕೇ ಕಾಣದೆ ಹೋಗಬಹುದು. ಆ 7ಕ್ಕೂ 2025ರ ಅಕ್ಟೋಬರ್ 2ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ, ಇನ್ನು 6.5, 6.7ರಲ್ಲಿ ಉಳಿದವರಿಗೆ ಏನು ಹೇಳಲಿ.

ಕ್ರಮ ಹೀಗೆ: ಮೊದಲು ಹೋಸ್ಟುಗಳನ್ನೆಲ್ಲ ನಿರ್ವಹಿಸುವ ವಿಸೆಂಟರ್, ಆಮೇಲೆ ಒಂದೊಂದೇ ಹೋಸ್ಟ್, ನಂತರ ವಿ.ಎಂ.ಗಳೊಳಗಿನ ವಿಎಂವೇರ್ ಟೂಲ್ಸ್, ಕಡೆಗೆ ವರ್ಚುವಲ್ ಹಾರ್ಡ್‌ವೇರ್ ಆವೃತ್ತಿ. ಈ ಕೊನೆಯದಕ್ಕೆ ಅವಸರ ಬೇಡ, ಏರಿಸಿದ್ದನ್ನು ಇಳಿಸುವುದು ರಗಳೆ.

ಒಂದೊಂದೇ ಹೋಸ್ಟ್ ಎಂದೆನಲ್ಲ, ಒಂದನ್ನು ಬಂದ್ ಮಾಡಬೇಕಾದರೆ ಅದರ ಮೇಲಿನ ವಿ.ಎಂ.ಗಳನ್ನು ಇನ್ನೊಂದಕ್ಕೆ ಸಾಗಿಸಬೇಕು, ಅದೂ ಓಡುತ್ತಿರುವಂತೆಯೇ. ನನಗೆ ಇಂದಿಗೂ ಬೆರಗು ತರುವುದು ಇದೇ. ರ್‍ಯಾಮಿನಲ್ಲಿರುವುದನ್ನೆಲ್ಲ ವಿಎಂವೇರ್ ಮೊದಲೊಮ್ಮೆ ಆಚೆಗೆ ಕಳಿಸುತ್ತದೆ. ಅಷ್ಟರಲ್ಲಿ ಈಚೆ ಕೆಲವು ಪುಟ ಬದಲಾಗಿರುತ್ತವೆ; ಅವನ್ನಷ್ಟೇ ಮತ್ತೆ ಕಳಿಸುತ್ತದೆ. ಪ್ರತಿ ಸುತ್ತಿಗೂ ಬಾಕಿ ಕಡಿಮೆಯಾಗಿ, ಚೂರು ಉಳಿದಾಗ ವಿ.ಎಂ.ನ ಉಸಿರು ಹಿಡಿಸಿ, ಅದನ್ನೂ ದಾಟಿಸಿ, ಆಚೆ ಎಬ್ಬಿಸುತ್ತದೆ. ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ನಿನ ಸಂಶೋಧಕರು 2005ರಲ್ಲಿ ಜನ ಆಡುತ್ತಿದ್ದ ಕ್ವೇಕ್ ಆಟದ ಸರ್ವರನ್ನೇ ಹೀಗೆ ಸಾಗಿಸಿ ತೋರಿಸಿದರು. ಆಟ ನಿಂತದ್ದು ಸುಮಾರು 60 ಮಿಲಿಸೆಕೆಂಡ್, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ.

ಇದಕ್ಕೆ ಎರಡು ಷರತ್ತು. ಎರಡೂ ಹೋಸ್ಟುಗಳ ಪ್ರೊಸೆಸರ್ ಹೊಂದಬೇಕು. ಒಂದು ಹಳೇ ಇಂಟೆಲ್, ಒಂದು ಹೊಸ ಇಂಟೆಲ್ ಆದರೆ ಇವಿಸಿ ಎಂಬ ಸೆಟ್ಟಿಂಗ್ ಹಾಕಿ ಹೊಸದನ್ನು ಹಳೆಯದರ ಮಟ್ಟಕ್ಕೆ ಇಳಿಸಬೇಕು. ಒಂದು ಇಂಟೆಲ್, ಒಂದು ಎಎಂಡಿ ಆದರೆ ಓಡುತ್ತಿರುವಂತೆ ಸಾಗಿಸಲು ಆಗದು. ಎರಡನೆಯದು, ಒಂದೇ ಹೋಸ್ಟ್ ಎಲ್ಲ ಹೊರೆ ಹೊರುವಂತಿರಬೇಕು. ತಲಾ 128 ಜಿಬಿ ರ್‍ಯಾಮಿನ ಎರಡು ಹೋಸ್ಟ್ ಇಟ್ಟುಕೊಂಡು 180 ಜಿಬಿಯಷ್ಟು ವಿ.ಎಂ. ತುಂಬಿಸಿದ್ದರೆ ಯಾವುದನ್ನೂ ಬಂದ್ ಮಾಡಲು ಬರುವುದಿಲ್ಲ. 2023ರ ನವೆಂಬರಿನಲ್ಲಿ ವಿಎಂವೇರನ್ನು ಬ್ರಾಡ್‌ಕಾಮ್ ಕೊಂಡು, ಒಮ್ಮೆ ಕೊಂಡರೆ ಶಾಶ್ವತ ಎನ್ನುವ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿದ ಮೇಲೆ ಅದೇ ಬಗೆಯ ಇನ್ನೊಂದು ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸಿನ ಕಡೆ ನೋಡುವವರು ಹೆಚ್ಚಿದ್ದಾರೆ. ನೋಡಬಹುದು, ಈ ಎರಡು ಷರತ್ತು ಅಲ್ಲಿಯೂ ತಪ್ಪುವುದಿಲ್ಲ.

ಇನ್ನು ಬ್ಯಾಕಪ್ಪಿಗೆ ರೊಕ್ಕ ಹಾಕುವ ಮಾತು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಬೇರೆ ಊರು ಎಂದರೆ ಬನಹಟ್ಟಿಯ ಆಸುಪಾಸಿನಲ್ಲೇ, ಮುಧೋಳದ್ದನ್ನು ಜಮಖಂಡಿಯಲ್ಲಿ, ಇಡುವುದಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳದ ಕಡೆ ಉಕ್ಕಿದಾಗಲೇ ಕೃಷ್ಣೆ ಜಮಖಂಡಿ, ರಬಕವಿ ಕಡೆಯ ಊರುಗಳಿಗೆ ನುಗ್ಗಿದ್ದಳು. ವಿಜಯಪುರದಲ್ಲಿ ಇಡಿ. ಮತ್ತು ಮಳೆಗಾಲಕ್ಕೆ ಮುಂಚೆ ಆ ಪ್ರತಿಯಿಂದ ತೂಕದ ವಿ.ಎಂ. ಒಂದನ್ನು, ನೆಟ್‌ವರ್ಕ್ ತಂತಿ ಕಿತ್ತು, ಎಬ್ಬಿಸಿ ನೋಡಿ. ಕಳೆದ ಹಂಗಾಮಿನ ಕೊನೆಯ ಚೀಟಿ ಅದರಲ್ಲಿ ಸಿಕ್ಕರೆ ನಿಮ್ಮ ಹತ್ತಿರ ಬ್ಯಾಕಪ್ ಇದೆ.